ಬಾಯಿಗೆ ಬೆರಳು ಹಾಕುವ ಮೊದಲು

23 ವರ್ಷ ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದೆ. ಏನನ್ನೋ ಕುಡಿದ, ಏನನ್ನೋ ನುಂಗಿದ ಮಕ್ಕಳನ್ನು ಎತ್ತಿಕೊಂಡು ಓಡಿ ಬರುವವರನ್ನು ನೋಡಿದಾಗಲೆಲ್ಲ, ಇಷ್ಟೂ ಎಚ್ಚರ ಬೇಡ್ವಾ ಇವರಿಗೆ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಆಮೇಲೆ ಒಂದು ಭಾನುವಾರ ನನ್ನ ಮನೆಯಲ್ಲೇ ಅದು ಆಯಿತು.

ಮಗನಿಗೆ ಆಗ ಎರಡೂವರೆ ವರ್ಷ. ನಮ್ಮವರು ಕಿಟಕಿಗೆ ಬಣ್ಣ ಹಚ್ಚುತ್ತಿದ್ದರು. ಬ್ರಷ್ ತೊಳೆಯಲು ಥಿನ್ನರ್ ಬೇಕಿತ್ತು. ದೊಡ್ಡ ಡಬ್ಬದಿಂದ ಸ್ವಲ್ಪ ಬಗ್ಗಿಸಿಕೊಳ್ಳೋಣ ಎಂದಾಗ ಕೈಗೆ ಸಿಕ್ಕಿದ್ದು ಖಾಲಿ ನೀರಿನ ಬಾಟಲಿ. ಅದರಲ್ಲಿ ಥಿನ್ನರ್ ನೀರಿನ ಹಾಗೇ ಕಾಣುತ್ತದೆ. ಫೋನ್ ಬಂತು, ಆ ಕಡೆ ತಿರುಗಿದರು. ಅಷ್ಟರಲ್ಲಿ ಮಗ ಒಂದು ಗುಟುಕು ಎಳೆದು ಕೆಮ್ಮತೊಡಗಿದ.

ನಾನು ಬಟ್ಟೆ ಒಣಹಾಕುತ್ತಿದ್ದವಳು ಕೆಮ್ಮು ಕೇಳಿ ಓಡಿ ಬಂದೆ. ನಮ್ಮತ್ತೆ ಲೋಟದಲ್ಲಿ ಉಪ್ಪುನೀರು ಕದಡುತ್ತಿದ್ದರು. ನಮ್ಮವರು ಮಗನನ್ನು ಬೋರಲು ಹಿಡಿದು, ಬಾಯಿಗೆ ಎರಡು ಬೆರಳು ಹಾಕಲು ಹೊರಟಿದ್ದರು. "ಕೈ ತೆಗೀರಿ!" ಎಂದು ನಾನು ಕಿರುಚಿದ್ದು ಮೂರು ಮನೆ ಆಚೆಗೂ ಕೇಳಿಸಿತಂತೆ.

ಮಗನಿಗೆ ಆ ರಾತ್ರಿ ಜ್ವರ ಬಂತು. ಶ್ವಾಸಕೋಶದಲ್ಲಿ ಸ್ವಲ್ಪ ಕಲೆ ಕಾಣಿಸಿತು. ಐದನೇ ದಿನ ಮನೆಗೆ ಬಂದ. ಆ ಬೆರಳು ಗಂಟಲಿಗೆ ಇಳಿದಿದ್ದರೆ ಐದು ದಿನಕ್ಕೆ ಮುಗಿಯುತ್ತಿರಲಿಲ್ಲವೇನೋ.

ಇದನ್ನು ಓದುತ್ತಿರುವಾಗ ನಿಮ್ಮ ಮನೆಯಲ್ಲಿ ಇಂಥದ್ದೇ ನಡೆದಿದ್ದರೆ ಇಲ್ಲಿಗೇ ನಿಲ್ಲಿಸಿ. ನಿಮ್ಮ ಕಡೆಯ ವಿಷ ಮಾಹಿತಿ ಕೇಂದ್ರಕ್ಕೋ ಆಂಬುಲೆನ್ಸ್‌ಗೋ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೆ ಸಾಕು.

ವಾಂತಿ ಯಾಕೆ ಬೇಡ

ಹೊಟ್ಟೆಯಲ್ಲಿರುವ ಕೆಟ್ಟದ್ದು ಹೊರಗೆ ಬಂದರೆ ಒಳ್ಳೆಯದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಥಿನ್ನರ್, ಸೀಮೆಎಣ್ಣೆ, ಟರ್ಪೆಂಟೈನ್, ಪೆಟ್ರೋಲ್ ಇವೆಲ್ಲ ತೀರಾ ತೆಳು. ಹೊಟ್ಟೆಯಲ್ಲಿದ್ದಾಗ ಇವು ಮಾಡುವ ಹಾನಿ ಕಡಿಮೆ. ಮೇಲಕ್ಕೆ ಬರುವಾಗ ಸರ್ರನೆ ಶ್ವಾಸನಾಳಕ್ಕೆ ಜಾರಿ ಶ್ವಾಸಕೋಶವನ್ನು ಸುಡುತ್ತವೆ. ಕೆಲವೇ ಹನಿ ಸಾಕು. ಶೌಚಾಲಯ ತೊಳೆಯುವ ಆಸಿಡ್, ಕೊಳವೆಯ ಕಟ್ಟು ಬಿಡಿಸುವ ಕಾಸ್ಟಿಕ್ ಪುಡಿಯ ಕಥೆ ಬೇರೆ. ಅವು ಇಳಿಯುವಾಗ ಒಮ್ಮೆ ಗಂಟಲು ಸುಟ್ಟಿರುತ್ತವೆ. ವಾಂತಿ ಮಾಡಿಸಿದರೆ ಅದೇ ದಾರಿಯಲ್ಲಿ ಎರಡನೇ ಸಲ ಸುಡುತ್ತವೆ. ಇನ್ನು ಮಾತ್ರೆ ನುಂಗಿದ ಮಗು ವಾಂತಿಯ ನಡುವೆಯೇ ಮಂಪರಿಗೆ ಜಾರಿದರೆ, ಅದರ ವಾಂತಿಯೇ ಅದರ ಉಸಿರು ಕಟ್ಟಿಸುತ್ತದೆ.

ಹಿಂದೆ ವಾಂತಿ ಮಾಡಿಸಲೆಂದೇ ಇಪೆಕಾಕ್ ಎಂಬ ಸಿರಪ್ಪನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ವೈದ್ಯರೇ ಹೇಳುತ್ತಿದ್ದರು. 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಇದ್ದರೆ ಎಸೆಯಿರಿ ಎಂದಿತು. ಉಪ್ಪುನೀರು ಅದಕ್ಕಿಂತ ಕೆಟ್ಟದ್ದು. ಪುಟ್ಟ ಮಗುವಿಗೆ ಗಟ್ಟಿ ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ವಿಷದ ಜೊತೆ ಇನ್ನೊಂದು ವಿಷ ಕೊಟ್ಟ ಹಾಗೆ.

ಹಾಲು ಕೊಡಬಹುದಾ? ಹಾಲು ಎಲ್ಲ ವಿಷಕ್ಕೂ ಮದ್ದಲ್ಲ. ನುಸಿಗುಳಿಗೆಯಂಥವು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ, ಹಾಲು ಕುಡಿಸಿದರೆ ಮೈಗೆ ಬೇಗ ಹತ್ತುತ್ತವೆ. ಆಸಿಡ್ ಕುಡಿದವರಿಗೆ ಸೋಡಾಪುಡಿ, ಕಾಸ್ಟಿಕ್ ನುಂಗಿದವರಿಗೆ ಹುಳಿ ಕೊಟ್ಟು ಸರಿದೂಗಿಸುವ ಲೆಕ್ಕವೂ ಬೇಡ. ಎರಡೂ ಸೇರಿದರೆ ಒಳಗೆ ಇನ್ನಷ್ಟು ಬಿಸಿ ಹುಟ್ಟುತ್ತದೆ. ಸುಟ್ಟ ಬ್ರೆಡ್ ತಿನ್ನಿಸಿದರೆ ವಿಷ ಹೀರುವ ಇದ್ದಿಲಿನ ಕೆಲಸ ಮಾಡುತ್ತದೆ ಅನ್ನುವವರೂ ಇದ್ದಾರೆ. ಮಾಡುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಇದ್ದಿಲಿನ ಪುಡಿಯೇ ಬೇರೆ, ಅದೂ ಎಲ್ಲ ವಿಷಕ್ಕೂ ಆಗುವುದಿಲ್ಲ.

ಇಂಥ ಹೊತ್ತಿನಲ್ಲಿ ಕೈ ಸುಮ್ನೆ ಇರುವುದಿಲ್ಲ. ಏನಾದರೂ ಕುಡಿಸಬೇಕು, ತಿಕ್ಕಬೇಕು, ಅಲ್ಲಾಡಿಸಬೇಕು ಅನ್ನಿಸುತ್ತದೆ. ಆ ಕೈಗೆ ಬೇರೆ ಕೆಲಸ ಕೊಡಿ.

ಮೊದಲ ಐದು ನಿಮಿಷ

ಮೊದಲು ಮಗುವನ್ನು ನೋಡಿ, ಬಾಟಲಿಯನ್ನಲ್ಲ. ಎಚ್ಚರ ಇದೆಯಾ, ಉಸಿರಾಡುತ್ತಿದೆಯಾ? ಎಚ್ಚರ ಇಲ್ಲ ಆದರೆ ಉಸಿರಿದೆ ಎಂದರೆ ಎಡ ಮಗ್ಗುಲಿಗೆ ಮಲಗಿಸಿ, ತಾನಾಗಿ ವಾಂತಿಯಾದರೆ ಹೊರಗೆ ಹರಿಯಲಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಫಿಟ್ಸ್ ಬಂದರೆ, ಉಸಿರಿಗೆ ಕಷ್ಟವಾದರೆ, ಎಬ್ಬಿಸಿದರೂ ಏಳದಿದ್ದರೆ ಸಲಹೆ ಕೇಳುತ್ತ ಕೂರಬೇಡಿ, ನೇರ ಆಂಬುಲೆನ್ಸ್.

ಮಗು ಅಳುತ್ತಾ ಓಡಾಡುತ್ತಾ ಇದ್ದರೆ ನಿಮಗೆ ಸ್ವಲ್ಪ ಸಮಯ ಸಿಕ್ಕಿತು. ಬಾಯಲ್ಲಿ ಉಳಿದಿರುವುದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸಿ ಅಂದೆ, ಗಂಟಲಿಗೆ ಕೈ ಹಾಕಿ ಎನ್ನಲಿಲ್ಲ. ದೊಡ್ಡ ಮಕ್ಕಳಾದರೆ ಬಾಯಿ ಮುಕ್ಕಳಿಸಿ ಉಗುಳಲಿ. ಆಮೇಲೆ ಫೋನ್. ಆ ಕಡೆಯವರು ಕೇಳುವುದು ಇಷ್ಟೇ: ಏನು, ಎಷ್ಟು, ಯಾವಾಗ, ಮಗುವಿನ ವಯಸ್ಸು ಮತ್ತು ತೂಕ, ಈಗ ಹೇಗಿದೆ. ತೂಕ ಗೊತ್ತಿಲ್ಲದ ಅಪ್ಪಅಮ್ಮಂದಿರು ಎಷ್ಟು ಜನ ಅಂತೀರಿ! ಮದ್ದಿನ ಲೆಕ್ಕವೆಲ್ಲ ತೂಕದ ಮೇಲೇ ನಿಂತಿರುತ್ತದೆ. ಆಗಾಗ ತೂಗಿ ಎಲ್ಲಾದರೂ ಬರೆದಿಡಿ.

"ಎಷ್ಟು" ಎಂಬ ಪ್ರಶ್ನೆಗೆ ಮನಸ್ಸು ಯಾವಾಗಲೂ ಕಡಿಮೆ ಹೇಳುತ್ತದೆ. ಒಂದೇ ಮಾತ್ರೆ ಇರಬೇಕು, ಮಿಕ್ಕಿದ್ದು ಮಂಚದ ಕೆಳಗೆ ಉರುಳಿರಬೇಕು ಅಂತ. ಹಾಗೆ ಲೆಕ್ಕ ಹಾಕಬೇಡಿ. ಕಾಣೆಯಾದ ಅಷ್ಟೂ ಮಾತ್ರೆ ಹೊಟ್ಟೆಯಲ್ಲೇ ಇವೆ ಎಂದುಕೊಳ್ಳಿ. ಇಬ್ಬರು ಮಕ್ಕಳು ಒಟ್ಟಿಗೆ ಆಡುತ್ತಿದ್ದರೆ ಇಬ್ಬರೂ ತಿಂದಿದ್ದಾರೆ ಎಂದೇ ಹಿಡಿಯಿರಿ. ಒಮ್ಮೆ ಅಣ್ಣನನ್ನು ಮಂಚದ ಮೇಲೆ ಮಲಗಿಸಿ ನೋಡುತ್ತಿದ್ದೆವು. ಮೂಲೆಯ ಕುರ್ಚಿಯಲ್ಲಿ ಸುಮ್ನೆ ಕೂತಿದ್ದ ತಂಗಿ ತೂಕಡಿಸತೊಡಗಿದಳು. ನಾಚಿಕೆಗೆ ಹೇಳಿರಲಿಲ್ಲ ಪಾಪ, ಅವಳೂ ತಿಂದಿದ್ದಳು.

ಆಸ್ಪತ್ರೆಗೆ ಹೊರಟರೆ ಬಾಟಲಿ, ಮಾತ್ರೆಯ ಹಾಳೆ, ಗಿಡದ ಕೊಂಬೆ, ಏನಿದೆಯೋ ಅದನ್ನು ಚೀಲದಲ್ಲಿ ಹಾಕಿ ತನ್ನಿ. "ನೀಲಿ ಬಣ್ಣದ ಮಾತ್ರೆ ಮೇಡಂ" ಎಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ, ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಕಣ್ಣಿಗೂ ಅಷ್ಟೇ ಹೊತ್ತು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವ ಹಾಗೆ. ಎರಡು ನಿಮಿಷಕ್ಕೇ ಸಾಕಾಯಿತು ಅನ್ನಿಸುತ್ತದೆ, ಆದ್ದರಿಂದ ಗಡಿಯಾರ ನೋಡಿ. ಕೀಟನಾಶಕವಾದರೆ ತೊಳೆಯುವವರು ಕೈಗವಸು ಹಾಕಿಕೊಳ್ಳಿ, ಅದು ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಜೊಲ್ಲು, ಬೆವರು, ಕಣ್ಣೀರು ಒಟ್ಟಿಗೆ ಸುರಿದು ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಕೀಟನಾಶಕದ ಗುರುತು.

ಚೆನ್ನಾಗಿಯೇ ಇದ್ದಾನಲ್ಲ!

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಕಿರುಚುತ್ತಾ ಬಂದ ಮಕ್ಕಳಲ್ಲ, ನಗುತ್ತಾ ಬಂದವರು. ಕೆಲವು ವಿಷಗಳು ತಡವಾಗಿ ಎದ್ದು ಕೂರುತ್ತವೆ.

ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿ. ಇದು ವಿಷ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಮಿತಿಮೀರಿ ಒಳಗೆ ಹೋದರೂ ಮೊದಲ 24 ಗಂಟೆ ಹೆಚ್ಚೇನೂ ತೋರುವುದಿಲ್ಲ, ಸ್ವಲ್ಪ ಓಕರಿಕೆ ಇರಬಹುದು. ಆ ಹೊತ್ತಿನಲ್ಲೇ ಲಿವರ್ ಹಾಳಾಗುತ್ತಿರುತ್ತದೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದಿದೆ. ನುಂಗಿದ 8 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗ್ಗೆ ನೋಡೋಣ ಎಂದು ಮಲಗಿದರೆ ಆ 8 ಗಂಟೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ದೊಡ್ಡವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. ಜ್ವರಕ್ಕೊಂದು ಮಾತ್ರೆ, ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ತಗೊಂಡರೆ, ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಹಾಳೆಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ.

ಕಬ್ಬಿಣಾಂಶದ ಮಾತ್ರೆ ಇನ್ನೂ ಮೋಸಗಾರ. ಕೆಂಪಗೆ, ನುಣ್ಣಗೆ, ಮಿಠಾಯಿಯಂತೆ ಇರುತ್ತದೆ. ನುಂಗಿದ ಮಗು ಮೊದಲು ವಾಂತಿ ಮಾಡುತ್ತದೆ, ಭೇದಿಯಾಗುತ್ತದೆ. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಮನೆಯವರು ಉಸ್ಸಪ್ಪಾ ಎನ್ನುವಷ್ಟರಲ್ಲಿ ಮತ್ತೆ ಕುಸಿಯುತ್ತದೆ. ಗರ್ಭಿಣಿಯೋ ಬಾಣಂತಿಯೋ ಇರುವ ಮನೆಯಲ್ಲಿ ಈ ಮಾತ್ರೆ ಇದ್ದೇ ಇರುತ್ತದೆ, ಅಂಬೆಗಾಲಿನ ಮಗುವೂ ಅಲ್ಲೇ ಇರುತ್ತದೆ.

ಇಲಿ ಪಾಷಾಣಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ರಕ್ತಸ್ರಾವ ಕಾಣಿಸಲು ದಿನಗಳೇ ಬೇಕು. ಹಳದಿ ರಂಜಕದ ಇಲಿ ಪೇಸ್ಟ್ ತಿಂದವರು ಒಂದೆರಡು ದಿನ ಸರಿಯಾಗಿದ್ದು, ಆಮೇಲೆ ಲಿವರ್ ಕೈಕೊಡುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಒಂದೇ ಒಂದು ಸಾಕು, ಪುಟ್ಟ ಮಗುವಿನ ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತವೆ, ಅದೂ ಎಷ್ಟೋ ಗಂಟೆ ತಡವಾಗಿ. ಬಿಪಿಯ ಕೆಲವು ಮಾತ್ರೆಗಳೂ ಹೀಗೇ. ಹಾಗಾಗಿ "ಚೆನ್ನಾಗಿ ಆಡ್ಕೊಂಡಿದ್ದಾನೆ, ಏನೂ ಆಗಿಲ್ಲ" ಎಂಬುದು ಫೋನ್ ಮಾಡದಿರಲು ಕಾರಣ ಆಗಬಾರದು.

ಬಟನ್ ಸೆಲ್ ವಿಷಯದಲ್ಲಿ ಮಾತ್ರ ಸ್ವಲ್ಪವೂ ತಡ ಕೂಡದು. ರಿಮೋಟ್, ತೂಕದ ಯಂತ್ರ, ಹಾಡುವ ಗ್ರೀಟಿಂಗ್ ಕಾರ್ಡುಗಳಲ್ಲಿ ಇರುವ ದುಂಡು ಬ್ಯಾಟರಿ ಇದು. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಗಾಯ ಮಾಡಬಲ್ಲದು. ಬ್ಯಾಟರಿ ಸೋರಿ ಹೀಗಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ನಿಜಕ್ಕೂ ನಡೆಯುವುದು ಬೇರೆ. ಒದ್ದೆ ಮಾಂಸದ ಮೂಲಕ ಕರೆಂಟ್ ಹರಿದು ಅಲ್ಲೇ ಕಾಸ್ಟಿಕ್‌ನಂಥ ಕ್ಷಾರ ಹುಟ್ಟುತ್ತದೆ. ರಿಮೋಟ್ ಓಡಿಸಲಾಗದಷ್ಟು ಸತ್ತ ಸೆಲ್ಲಿಗೂ ಇಷ್ಟು ಶಕ್ತಿ ಉಳಿದಿರುತ್ತದೆ. ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಬರುತ್ತಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಮನೆಯಲ್ಲಿ ಜೇನು ಇಲ್ಲ ಎಂದು ಹುಡುಕಲು ಹೋಗಬೇಡಿ. ಇದೊಂದನ್ನು ಬಿಟ್ಟರೆ ಬೇರೇನೂ ತಿನ್ನಿಸಬೇಡಿ.

ಹೊಟ್ಟೆಗಲ್ಲ, ಮೂಗಿಗೆ

ಬ್ಲೀಚ್ ಮತ್ತು ಶೌಚಾಲಯದ ಆಸಿಡ್ ಕ್ಲೀನರ್ ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಎರಡೂ ಹಾಕಿದರೆ ಎರಡು ಪಟ್ಟು ಬೆಳ್ಳಗಾಗುತ್ತದೆ ಎಂಬ ಆಸೆ. ಕಣ್ಣು ಗಂಟಲು ಉರಿದು, ಕೆಮ್ಮುತ್ತಾ ಬರುವವರು ಹೆಚ್ಚಾಗಿ ಹಬ್ಬಕ್ಕೆ ಮನೆ ತೊಳೆದವರೇ. ಬ್ಲೀಚ್ ಜೊತೆ ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬೇಡ. ಒಂದು ಹಾಕಿದ್ದರೆ ಚೆನ್ನಾಗಿ ನೀರು ಸುರಿದು, ಇನ್ನೊಂದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ತಪ್ಪಾಗಿ ಬೆರೆಸಿದರೆ ತೊಳೆದು ಸರಿಮಾಡುತ್ತೇನೆ ಎಂದು ಅಲ್ಲೇ ನಿಲ್ಲಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ.

ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್, ಕಿಟಕಿ ಪಕ್ಕದಲ್ಲಿ ಜನರೇಟರ್, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಹೊರಗೆ ಹೋದರೆ ಕಡಿಮೆ, ಒಳಗೆ ಬಂದರೆ ಮತ್ತೆ ಶುರು ಎಂದರೆ ಇದೇ ಇರಬಹುದು. ಎಲ್ಲರೂ ಹೊರಗೆ ಬಂದು, ಹೊರಗಿನಿಂದಲೇ ಫೋನ್ ಮಾಡಿ. ಜನರೇಟರ್ ಮನೆಯಿಂದ ಕಡೇಪಕ್ಷ 6 ಮೀಟರ್ ದೂರ ಇರಲಿ. ಅಪಾಯದ ಗಂಟೆ ಹೊಡೆಯುವ ಪುಟ್ಟ ಯಂತ್ರ ಸಿಗುತ್ತದೆ, ಮಲಗುವ ಕೋಣೆಯ ಹತ್ತಿರ ಹಾಕಿಸಿ.

ಕಪಾಟಿಗೆ ಬೀಗ ಹಾಕಿದರೆ ಮುಗಿಯಿತಾ?

ಬೀಗ ಹಾಕಿ, ಎತ್ತರದಲ್ಲಿಡಿ ಎಂದು ಎಲ್ಲರೂ ಹೇಳುತ್ತಾರೆ. ಸರಿ, ಇಡಿ. ಆದರೆ ನಾನು ನೋಡಿದ ಮಕ್ಕಳಲ್ಲಿ ಬಹಳಷ್ಟು ಮಕ್ಕಳಿಗೆ ವಿಷ ಸಿಕ್ಕಿದ್ದು ಕಪಾಟಿನಲ್ಲಲ್ಲ. ಬಳಸುತ್ತಿದ್ದಾಗ, ಅರ್ಧಕ್ಕೆ ಬಿಟ್ಟು ಎದ್ದಾಗ ಸಿಕ್ಕಿದ್ದು. ನೆಲ ಒರೆಸುವ ಬಕೆಟ್ ಪಕ್ಕದ ಬಾಟಲಿ, ಊಟದ ಮೇಜಿನ ಮೇಲೆ ಮರೆಯದಿರಲೆಂದು ಇಟ್ಟ ಮಾತ್ರೆ. ನಮ್ಮ ಥಿನ್ನರ್ ಡಬ್ಬವೂ ಅಟ್ಟದ ಮೇಲೇ ಇರುತ್ತಿತ್ತು, ಆ ಭಾನುವಾರ ಮಾತ್ರ ಕೆಳಗಿಳಿದಿತ್ತು.

ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ನಿಯಮ. ಮುಚ್ಚಳ ತೆಗೆದವರು ಅದನ್ನು ಮುಚ್ಚಿ ಒಳಗಿಡುವವರೆಗೆ ಇನ್ನೊಂದು ಕೆಲಸಕ್ಕೆ ಏಳುವಂತಿಲ್ಲ. ಫೋನ್ ಬಂದರೆ ಬಡಿದುಕೊಳ್ಳಲಿ. ಬಾಗಿಲು ತಟ್ಟಿದರೆ ಬಾಟಲಿ ಕೈಯಲ್ಲಿ ಹಿಡಿದೇ ಹೋಗಿ ಬಾಗಿಲು ತೆಗೆಯಬೇಕು. ಬಂದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಇನ್ನೊಂದು, ಯಾವುದನ್ನೂ ಕುಡಿಯುವ ಬಾಟಲಿಗೆ, ಲೋಟಕ್ಕೆ ಬಗ್ಗಿಸಬಾರದು. ಒಂದು ನಿಮಿಷಕ್ಕೂ ಬೇಡ. ಚೀಟಿ ಅಂಟಿಸುತ್ತೇನೆ ಎನ್ನುತ್ತೀರಿ, ಎರಡು ವರ್ಷದ ಮಗುವಿಗೆ ಓದಲು ಬರುತ್ತದಾ? ಕತ್ತಲಲ್ಲಿ ಬಾಯಾರಿ ಎದ್ದ ದೊಡ್ಡವರೂ ಓದುವುದಿಲ್ಲ.

ಮಕ್ಕಳಿಗೆ ತೆಗೆಯಲು ಬಾರದ ಮುಚ್ಚಳವನ್ನು ತುಂಬಾ ನಂಬಬೇಡಿ. ಒಳ್ಳೆಯ ಉಪಾಯವೇ. 1960ರ ದಶಕದಲ್ಲಿ ಹೆನ್ರಿ ಬ್ರೋ ಎಂಬ ಕೆನಡಾದ ಮಕ್ಕಳ ವೈದ್ಯರು ಒತ್ತಿ ತಿರುಗಿಸುವ ಮುಚ್ಚಳ ಬರಲು ಕಾರಣರಾದರು. ಮಾತ್ರೆ ನುಂಗಿದ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಕೊಟ್ಟು ಸಾಕಾಗಿತ್ತು ಅವರಿಗೆ. ಎಷ್ಟೋ ಮಕ್ಕಳು ಅದರಿಂದ ಉಳಿದರು. ಆದರೆ ಇಂಥ ಮುಚ್ಚಳಕ್ಕೆ ಅಮೆರಿಕದಲ್ಲಿರುವ ಪರೀಕ್ಷೆ ಹೇಗಿದೆ ನೋಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಡಬ್ಬಿ ಕೊಡುತ್ತಾರೆ, ನಡುವೆ ಒಮ್ಮೆ ತೆಗೆದು ತೋರಿಸುತ್ತಾರೆ. ಒಟ್ಟು 10 ನಿಮಿಷದಲ್ಲಿ ನೂರಕ್ಕೆ 80 ಮಕ್ಕಳಿಗೆ ತೆಗೆಯಲು ಬರದಿದ್ದರೆ ಡಬ್ಬಿ ಪಾಸ್. ಉಳಿದ 20ರಲ್ಲಿ ನಿಮ್ಮ ಮಗುವೂ ಒಂದಾಗಿದ್ದರೆ?

ಬಂದವರ ಚೀಲದ ಮೇಲೂ ಕಣ್ಣಿರಲಿ. ಮನೆಯ ಮದ್ದಿಗೆಲ್ಲ ಬೀಗ ಹಾಕಿರುತ್ತೇವೆ. ನೆಂಟರ ಕೈಚೀಲ ಸೋಫಾ ಮೇಲಿರುತ್ತದೆ, ಅದರೊಳಗೆ ವಾರದ ಬಿಪಿ ಮಾತ್ರೆ, ನೋವಿನ ಎಣ್ಣೆ. ನೋವಿನ ಎಣ್ಣೆಗಳಿಗೆ ಬೆರೆಸುವ ವಿಂಟರ್‌ಗ್ರೀನ್ ಎಣ್ಣೆಯನ್ನು ಶುದ್ಧವಾಗಿ 1 ಟೀ ಚಮಚ ಕುಡಿದರೆ ಸುಮಾರು 7 ಗ್ರಾಂ ಆಸ್ಪಿರಿನ್ ತಿಂದ ಲೆಕ್ಕ, ಅಂದರೆ ಇಪ್ಪತ್ತಕ್ಕೂ ಜಾಸ್ತಿ ಮಾತ್ರೆ. ಕರ್ಪೂರ ತಿಂದ ಮಗುವಿಗೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಹಚ್ಚಿಕೊಳ್ಳುವ ಮದ್ದು ಕುಡಿದರೆ ಏನಾಗುತ್ತೆ ಎಂದು ಯಾರೂ ಯೋಚಿಸಿರುವುದಿಲ್ಲ. ನೆಂಟರು ಬಂದ ಕೂಡಲೇ "ಕೊಡಿ ಅತ್ತಿಗೆ, ಚೀಲ ಮೇಲೆ ತೂಗು ಹಾಕ್ತೀನಿ" ಎಂದು ನಾನೇ ಇಸಿದುಕೊಳ್ಳುತ್ತೇನೆ. ಮರ್ಯಾದೆಯೂ ಆಯಿತು, ಕೆಲಸವೂ ಆಯಿತು.

ಗಿಡಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಣಗಿಲೆ, ದತ್ತೂರಿ, ಹರಳು ಬೀಜ, ಗುಲಗಂಜಿ ಇವುಗಳ ಹತ್ತಿರ ಮಕ್ಕಳನ್ನು ಆಡಲು ಬಿಡಬೇಡಿ. ಗುಲಗಂಜಿ, ಹರಳು ಬೀಜಗಳನ್ನು ಇಡಿಯಾಗಿ ನುಂಗಿದ್ದಕ್ಕಿಂತ ಅಗಿದು ನುಂಗಿದ್ದು ಹೆಚ್ಚು ಅಪಾಯ, ಆದ್ದರಿಂದ ಫೋನಿನಲ್ಲಿ ಅದನ್ನೂ ಹೇಳಿ.

ಮದ್ದು ಕೊಡುವಾಗ ಅಡುಗೆಮನೆ ಚಮಚ ಬೇಡ. ಒಂದೊಂದು ಚಮಚ ಒಂದೊಂದು ಅಳತೆ. ಸಿರಪ್ ಜೊತೆ ಬರುವ ಮಿಲಿಲೀಟರ್ ಗುರುತಿನ ಅಳತೆಯನ್ನೇ ಬಳಸಿ. ಒಬ್ಬರು ಕೊಟ್ಟದ್ದು ಗೊತ್ತಾಗದೆ ಇನ್ನೊಬ್ಬರು ಮತ್ತೆ ಕೊಡುವುದು ದಿನಾ ನಡೆಯುವ ಕಥೆ. ನಾವು ಕ್ಯಾಲೆಂಡರಿನ ಮೇಲೇ ಗಂಟೆ ಬರೆಯುತ್ತೇವೆ. ಮಾತ್ರೆಯನ್ನು "ಚಾಕೊಲೇಟ್ ಕಣೋ" ಎಂದು ಪುಸಲಾಯಿಸಲೇಬೇಡಿ, ಮಗು ನಂಬಿಬಿಡುತ್ತದೆ.

ವಿಷ ಮಾಹಿತಿ ಕೇಂದ್ರದ ನಂಬರನ್ನು ಮೊಬೈಲಿಗೆ ಹಾಕಿ, ಗೋಡೆಗೂ ಅಂಟಿಸಿ. ಮೊಬೈಲ್ ನಿಮ್ಮ ಜೇಬಿನಲ್ಲಿರುತ್ತದೆ. ಮಗುವಿನ ಜೊತೆ ಮನೆಯಲ್ಲಿರುವವರು ಅಜ್ಜಿ.

ಕೊನೆಯದು ಹಳೆಯ ಮಾತ್ರೆ. ಔಷಧಿ ಅಂಗಡಿಯವರು ವಾಪಸ್ ತೆಗೆದುಕೊಂಡರೆ ಕೊಟ್ಟುಬಿಡಿ. ಇಲ್ಲದಿದ್ದರೆ ಹಾಳೆಯಿಂದ ಬಿಡಿಸಿ, ಮಣ್ಣಿನ ಜೊತೆಗೋ ಸೋಸಿದ ಚಹಾಪುಡಿಯ ಜೊತೆಗೋ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ನಮ್ಮ ಮಾವನವರು ಹೋಗಿ ಎರಡು ವರ್ಷವಾದರೂ ಅವರ ಹೃದಯದ ಮಾತ್ರೆಗಳು ಮಲಗುವ ಕೋಣೆಯ ಡ್ರಾಯರಿನಲ್ಲೇ ಇದ್ದವು. ಥಿನ್ನರ್ ಆದ ವಾರ ಮನೆಯೆಲ್ಲ ಜಾಲಾಡುವಾಗ ಸಿಕ್ಕಿತು. ಅತ್ತೆಗೆ ಎಸೆಯಲು ಮನಸ್ಸು ಬಂದಿರಲಿಲ್ಲ, ನನಗೆ ಕೇಳಲು ಬಾಯಿ ಬಂದಿರಲಿಲ್ಲ. ಅವತ್ತು ಅವರೇ ಕೂತು ಒಂದೊಂದೇ ಮಾತ್ರೆ ಬಿಡಿಸಿ ಮಣ್ಣಿಗೆ ಹಾಕಿದರು. ಖಾಲಿ ಡಬ್ಬಿಯನ್ನು ತೊಳೆದು, ಒಣಗಿಸಿ, ತಮ್ಮ ಸೀರೆಗಳ ಮಧ್ಯೆ ಇಟ್ಟುಕೊಂಡರು. ನಾನು ಏನೂ ಹೇಳಲಿಲ್ಲ.